ಹಳೆಯ ಏರ್‌ಕೂಲ್ಡ್ ಕಾರಿನಲ್ಲಿ ಎಂಜಿನ್ ಆಯಿಲ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಕಾರು ತೆಗೆದಾಗ ನೆಲದ ಮೇಲೆ ಒಂದು ಕರಿ ಕಲೆ ಕಾಣುತ್ತದೆ. ಅದನ್ನು ನೋಡಿದ ಕೂಡಲೇ ಎಷ್ಟೋ ಜನ ಸ್ಪ್ಯಾನರ್ ಹಿಡಿಯುತ್ತಾರೆ, ಅಥವಾ ಗ್ಯಾಸ್ಕೆಟ್ (ಜೋಡಣೆಯ ನಡುವೆ ಸೋರದಂತೆ ಇಡುವ ತೆಳು ಪಟ್ಟಿ) ಸೆಟ್ ಕೊಳ್ಳಲು ಹೊರಡುತ್ತಾರೆ. ಎರಡೂ ಬೇಡ. ಆಯಿಲ್ ಎಲ್ಲಿಂದ ಹೊರಟಿದೆ ಎಂದು ಕಣ್ಣಾರೆ ನೋಡುವವರೆಗೆ ಒಂದು ನಟ್ಟನ್ನೂ ಮುಟ್ಟಬೇಡಿ. ಈ ಪುಟದ ಉತ್ತರಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹೆಚ್ಚಿನ ಉತ್ತರಗಳು ಫೋಕ್ಸ್‌ವ್ಯಾಗನ್ ಬೀಟಲ್‌ನ ನಾಲ್ಕು ಸಿಲಿಂಡರ್ ಎಂಜಿನ್ನಿನ ಬಗ್ಗೆ. ಗಾಳಿಯಿಂದ ತಣಿಯುವ ಹಳೆಯ ಕಾರುಗಳಲ್ಲಿ ಅದೇ ಜಾಸ್ತಿ ಕಾಣಸಿಗುವುದು, ಅಲ್ವಾ? ಒಟ್ಟು 2.1 ಕೋಟಿಗೂ ಹೆಚ್ಚು ಬೀಟಲ್‌ಗಳು ತಯಾರಾದವು. ಕೊನೆಯದು 2003ರಲ್ಲಿ ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಿಂದ ಹೊರಬಂತು. ಬೇರೆ ಕಾರುಗಳ ಮಾತು ಕೊನೆಯ ಹತ್ತಿರ ಬರುತ್ತದೆ. ಎಡ, ಬಲ ಎಂದರೆ ಚಾಲಕನ ಸೀಟಿನಲ್ಲಿ ಕೂತು ಮುಂದೆ ನೋಡುವಾಗಿನ ಎಡ, ಬಲ. ಎಂಜಿನ್ ಹಿಂದೆ ಇದ್ದರೂ 'ಮುಂದೆ' ಎಂದರೆ ಕಾರಿನ ಮುಂಭಾಗದ ಕಡೆಯೇ. ಬೀಟಲ್‌ನಲ್ಲಿ ಅದು ಗೇರ್‌ಬಾಕ್ಸ್ ಇರುವ ಕಡೆ.

ಹಳೇ ಏರ್‌ಕೂಲ್ಡ್ ಕಾರು ಸೋರಿಯೇ ಸೋರುತ್ತದೆ ಅಂತಾರೆ. ನಿಜವೇ?

ಅರ್ಧ ನಿಜ. ಈ ಎಂಜಿನ್ನಿನಲ್ಲಿ ಜೋಡಣೆಯ ಜಾಗಗಳು ತುಂಬಾ ಇವೆ. ಕೇಸ್, ಅಂದರೆ ಎಂಜಿನ್ನಿನ ಹೊರಚಿಪ್ಪು, ಎರಡು ಹೋಳು. ಸಿಲಿಂಡರ್‌ಗಳು ನಾಲ್ಕೂ ಬೇರೆ ಬೇರೆ. ವಾಲ್ವ್ ತೆರೆಯುವ ಕಡ್ಡಿಗಳು ಆಡುವ ಕೊಳವೆಗಳು, ಅಂದರೆ ಪುಶ್‌ರಾಡ್ ಟ್ಯೂಬ್‌ಗಳೇ ಎಂಟು, ಅವುಗಳ ಎರಡೂ ತುದಿ ಸೇರಿ ಹದಿನಾರು ಸೀಲು. ಸಾಲದ್ದಕ್ಕೆ ಕೇಸ್ ಮೆಗ್ನೀಸಿಯಮ್ ಮಿಶ್ರಲೋಹದ್ದು, ಬೋಲ್ಟುಗಳು ಉಕ್ಕಿನವು. ಬಿಸಿಯಾದಾಗ ಮೆಗ್ನೀಸಿಯಮ್ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಇದು ಪ್ರತಿ ಓಡಾಟದಲ್ಲೂ ನಡೆಯುತ್ತದೆ. ಹಾಗಾಗಿ ಹೊರಮೈಯಲ್ಲಿ ಸ್ವಲ್ಪ ಜಿಡ್ಡು ಕಾಣುವುದು ಸಹಜ.

ನೆಲಕ್ಕೆ ತೊಟ್ಟಿಕ್ಕುವುದು ಮಾತ್ರ ಸಹಜವಲ್ಲ. ಚೆನ್ನಾಗಿ ಕಟ್ಟಿದ ಎಂಜಿನ್ ಒಣಗಿಯೇ ಇರುತ್ತದೆ. 'ಈ ಕಾರುಗಳೇ ಹಾಗೆ' ಎಂಬ ಮಾತು ಕೇಳಿ ಸುಮ್ಮನಿದ್ದು ಎಂಜಿನ್ ಕಳೆದುಕೊಂಡವರಿದ್ದಾರೆ. ಆ ಮಾತನ್ನು ಒಪ್ಪಿಕೊಳ್ಳಬೇಡಿ.

ಎಷ್ಟು ಸೋರಿದರೆ ಚಿಂತೆ ಮಾಡಬೇಕು?

ಬೀಟಲ್ ಎಂಜಿನ್ನಿಗೆ ಹಿಡಿಸುವುದೇ 2.5 ಲೀಟರ್ ಆಯಿಲ್. ಅರ್ಧ ಲೀಟರ್ ಹೋದರೆ ಐದರಲ್ಲಿ ಒಂದು ಪಾಲು ಹೋದ ಹಾಗೆ. ಇಲ್ಲಿ ನೀರಿಲ್ಲ, ರೇಡಿಯೇಟರ್ ಇಲ್ಲ. ಶಾಖ ಹೊರಹಾಕುವ ಕೆಲಸದಲ್ಲಿ ಗಾಳಿಯ ಜೊತೆ ಆಯಿಲ್ಲಿಗೂ ದೊಡ್ಡ ಪಾಲಿದೆ. ಆಯಿಲ್ ಕಡಿಮೆಯಾದರೆ ಉಳಿದದ್ದು ಬೇಗ ಬಿಸಿಯಾಗುತ್ತದೆ, ತೆಳ್ಳಗಾಗುತ್ತದೆ, ಇನ್ನೂ ಜಾಸ್ತಿ ಸೋರುತ್ತದೆ.

ರಾತ್ರಿ ನಿಲ್ಲಿಸಿದರೆ ಒಂದೆರಡು ಹನಿ ಬೀಳುತ್ತದೆ ಎಂದಾದರೆ ಗಾಬರಿ ಬೇಡ, ಆದರೆ ಹುಡುಕಲು ಶುರು ಮಾಡಿ. ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಆಯಿಲ್ ಕೂಡ ಹಾಕಬೇಕಾಗುತ್ತಿದ್ದರೆ ದೂರದ ಪ್ರಯಾಣ ಬಿಡಿ. ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಹೊಗೆ ಬರುತ್ತಿದ್ದರೆ, ಅಥವಾ ಓಡುವಾಗ ಆಯಿಲ್ ದೀಪ ಮಿನುಗಿದರೆ, ಅಲ್ಲೇ ಎಂಜಿನ್ ಆಫ್ ಮಾಡಿ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಸೋರಿದ ಆಯಿಲ್ ಧೂಳಿನ ಜೊತೆ ಸೇರಿ ಸಿಲಿಂಡರ್‌ನ ರೆಕ್ಕೆಗಳ ನಡುವೆ, ಆಯಿಲ್ ತಣಿಸುವ ಕೂಲರ್‌ನ ಸಂದಿಗಳಲ್ಲಿ ಅಂಟಿಕೊಂಡು ಬೇಯುತ್ತದೆ. ಅಲ್ಲಿಗೆ ಗಾಳಿ ಹೋಗುವ ದಾರಿ ಮುಚ್ಚಿತು. ಆಮೇಲೆ ಸೋರಿಕೆ ನಿಂತರೂ ಎಂಜಿನ್ ಬಿಸಿಯಾಗುವುದು ನಿಲ್ಲುವುದಿಲ್ಲ. ನಾನು ಸಣ್ಣ ಸೋರಿಕೆಯನ್ನೂ ಬಿಡಬೇಡಿ ಎನ್ನುವುದು ಇದಕ್ಕೇ.

ಕೆಳಗೆ ಬಿದ್ದದ್ದು ಎಂಜಿನ್ ಆಯಿಲ್ಲೇ ಅಂತ ಹೇಗೆ ತಿಳಿಯುವುದು?

ರಾತ್ರಿ ಕಾರಿನ ಕೆಳಗೆ ಅಗಲವಾದ ಬಿಳಿ ರಟ್ಟು ಹಾಸಿ. ಚಕ್ರಗಳು ಎಲ್ಲಿವೆ, ಹಿಂದಿನ ಬಂಪರ್ ಎಲ್ಲಿದೆ ಎಂದು ರಟ್ಟಿನ ಮೇಲೆ ಗುರುತು ಹಾಕಿ. ಬೆಳಗ್ಗೆ ಹನಿ ಬಿದ್ದ ಜಾಗವೂ ಬಣ್ಣವೂ ಒಟ್ಟಿಗೇ ಸಿಗುತ್ತವೆ.

ಎಂಜಿನ್ ಆಯಿಲ್ ಹೊಸದಾಗಿದ್ದರೆ ಜೇನಿನ ಬಣ್ಣ, ಓಡಿದ್ದರೆ ಕಂದು ಅಥವಾ ಕಪ್ಪು. ಗೇರ್ ಆಯಿಲ್ ಇನ್ನೂ ದಪ್ಪ, ಗಂಧಕದಂಥ ಕಟು ವಾಸನೆ ಇರುತ್ತದೆ. ಒಂದು ಸಲ ಮೂಸಿದರೆ ಮರೆಯುವುದಿಲ್ಲ. ಬ್ರೇಕ್ ಆಯಿಲ್ ತೆಳ್ಳಗೆ, ಹೆಚ್ಚಾಗಿ ಚಕ್ರದ ಹತ್ತಿರ ಬೀಳುತ್ತದೆ. ಪೆಟ್ರೋಲ್ ಆದರೆ ರಟ್ಟಿನಿಂದ ಆರಿ ಹೋಗಿರುತ್ತದೆ, ವಾಸನೆ ಮಾತ್ರ ಉಳಿದಿರುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ವಿಷಯ ಬದಿಗಿಡಿ. ಮೊದಲು ಪೆಟ್ರೋಲ್ ಪೈಪುಗಳನ್ನು ನೋಡಿ.

ಎಲ್ಲಿಂದ ಶುರು ಮಾಡಲಿ?

ತೊಳೆಯುವುದರಿಂದ. ಜಿಡ್ಡು ಹಿಡಿದ ಎಂಜಿನ್ನಿನಲ್ಲಿ ಸೋರಿಕೆ ಹುಡುಕಲು ಆಗುವುದಿಲ್ಲ. ಹಳೇ ಕೊಳೆ, ಹೊಸ ಆಯಿಲ್ ಎರಡೂ ಒಂದೇ ಥರ ಕಾಣುತ್ತವೆ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕಾರ್ಬ್ಯುರೇಟರ್ ಬಾಯಿ, ಡಿಸ್ಟ್ರಿಬ್ಯೂಟರ್, ಡೈನಮೋ ಇವನ್ನು ಪ್ಲಾಸ್ಟಿಕ್‌ನಿಂದ ಕಟ್ಟಿ. ಜಿಡ್ಡು ತೆಗೆಯುವ ದ್ರಾವಣ ಹಾಕಿ, ಬ್ರಷ್ಷಿನಿಂದ ಉಜ್ಜಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಜೋರು ಪ್ರೆಶರ್ ವಾಷರ್ ಬೇಡ, ಅದು ನೀರನ್ನು ಸೀಲುಗಳ ಒಳಗೇ ನುಗ್ಗಿಸುತ್ತದೆ. ಪೆಟ್ರೋಲ್ ಹಾಕಿ ತೊಳೆಯುವುದಂತೂ ಬೇಡವೇ ಬೇಡ. ಚೆನ್ನಾಗಿ ಒಣಗಿಸಿ.

ಆಮೇಲೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಸಮತಟ್ಟಾದ ನೆಲ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಆಗಿರಬೇಕು. ಮೇಲಿನ ಗೆರೆಗಿಂತ ಜಾಸ್ತಿ ಇದ್ದರೆ ಮೊದಲು ಅದನ್ನು ಸರಿಮಾಡಿ. ಜಾಸ್ತಿ ತುಂಬಿಸಿದ್ದೇ ಸೋರಿಕೆಗೆ ಕಾರಣ ಆಗಿರುವುದು ಅಪರೂಪವಲ್ಲ.

ಈಗ ಐದು ನಿಮಿಷ ಓಡಿಸಿ, ಟಾರ್ಚು ಹಿಡಿದು ನೋಡಿ. ಹದಿನೈದು ನಿಮಿಷ ಓಡಿಸಿ, ಮತ್ತೆ ನೋಡಿ. ನೇರವಾಗಿ ಐವತ್ತು ಕಿಲೋಮೀಟರ್ ಹೋಗಿ ಬಂದರೆ ಮತ್ತೆ ಎಲ್ಲಾ ಕಡೆ ಆಯಿಲ್ ಹರಡಿರುತ್ತದೆ, ತೊಳೆದದ್ದು ವ್ಯರ್ಥ. ಮೊದಲ ಹನಿ ಎಲ್ಲಿ ಕಂಡಿತು ಎಂಬುದೇ ಮುಖ್ಯ.

ಕಾರಿನ ಕೆಳಗೆ ಹೋಗುವ ಮುನ್ನ ಒಂದು ಮಾತು. ಜಾಕ್ ಒಂದನ್ನೇ ನಂಬಿ ಯಾವತ್ತೂ ಕೆಳಗೆ ಮಲಗಬೇಡಿ. ಗಟ್ಟಿ ಸ್ಟ್ಯಾಂಡು ಕೊಟ್ಟು, ಎದುರು ಚಕ್ರಕ್ಕೆ ಅಡ್ಡ ಇಟ್ಟು, ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ ಆಮೇಲೆ ಹೋಗಿ. ಎಂಜಿನ್ ಚಾಲೂ ಮಾಡುವುದು ಬಯಲಿನಲ್ಲೇ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ.

ಹನಿ ಬೀಳುವ ಜಾಗದಲ್ಲೇ ಸೋರಿಕೆ ಇರುವುದಿಲ್ಲವೇ?

ಹೆಚ್ಚಿನ ಸಲ ಇರುವುದಿಲ್ಲ. ಆಯಿಲ್ ಕೆಳಗೆ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಈ ಎಂಜಿನ್ನಿನಲ್ಲಿ ಅದನ್ನು ತಳ್ಳುವ ಗಾಳಿಯೂ ಇದೆ. ಫ್ಯಾನು ಮೇಲಿನಿಂದ ಕೆಳಗೆ ಸಿಲಿಂಡರ್‌ಗಳ ಮೂಲಕ ಜೋರಾಗಿ ಗಾಳಿ ಊದುತ್ತದೆ. ಕಾರು ಓಡುವಾಗ ಕೆಳಗಿನ ಗಾಳಿ ಆಯಿಲ್ಲನ್ನು ಹಿಂದಕ್ಕೆ ಒಯ್ಯುತ್ತದೆ. ಮುಂದಿನ ಮೂಲೆಯಲ್ಲಿ, ಮೇಲುಗಡೆ ಹೊರಟ ಹನಿ ಕೊನೆಗೆ ಹಿಂದಿನ ಕೆಳಮೂಲೆಯಲ್ಲಿ ನೇತಾಡುತ್ತಿರುತ್ತದೆ.

ಹಾಗಾಗಿ ಒದ್ದೆಯ ಜಾಡು ಹಿಡಿದು ಮೇಲಕ್ಕೂ ಮುಂದಕ್ಕೂ ಹೋಗಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವ ಒದ್ದೆ ಜಾಗವೇ ನಿಮ್ಮ ಮೊದಲ ಅನುಮಾನ. ಅದನ್ನು ಸರಿಮಾಡದೆ ಕೆಳಗಿನದಕ್ಕೆ ಕೈ ಹಾಕಬೇಡಿ. ಕೈ ಹೋಗದ ಕಡೆ ಸಣ್ಣ ಕನ್ನಡಿ ಇಟ್ಟು ನೋಡಿ. ಮೊಬೈಲ್ ಕ್ಯಾಮೆರಾ ಕೂಡ ಆಗುತ್ತದೆ.

ನಿಂತಾಗ ಸೋರುವುದಕ್ಕೂ ಓಡುವಾಗ ಸೋರುವುದಕ್ಕೂ ವ್ಯತ್ಯಾಸ ಇದೆಯೇ?

ಇದೆ, ಇದು ತುಂಬಾ ನೆರವಿಗೆ ಬರುವ ಸುಳಿವು. ಆಯಿಲ್ ಹೊರಗೆ ಬರಲು ಮೂರು ದಾರಿ.

ಒಂದು, ಪಂಪಿನ ಒತ್ತಡ. ಕೂಲರ್‌ನ ಸೀಲು, ಆಯಿಲ್ ಪ್ರೆಶರ್ ಸ್ವಿಚ್ಚು, ಪಂಪಿನ ಮುಚ್ಚಳ, ಕೇಸಿನ ಆಯಿಲ್ ದಾರಿಗಳ ಪ್ಲಗ್ಗುಗಳು ಈ ಗುಂಪಿನವು. ಎಂಜಿನ್ ಓಡುವಾಗ ಜೋರಾಗಿ ಸೋರುತ್ತವೆ, ಆಫ್ ಮಾಡಿದ ಮೇಲೆ ಬೇಗ ನಿಲ್ಲುತ್ತವೆ.

ಎರಡು, ಸುಮ್ನೆ ಭಾರಕ್ಕೆ ಇಳಿಯುವುದು. ರಾಕರ್ ಕವರ್ (ವಾಲ್ವ್‌ಗಳ ಮೇಲಿನ ಮುಚ್ಚಳ), ಪುಶ್‌ರಾಡ್ ಟ್ಯೂಬ್, ತಳದಲ್ಲಿ ಆಯಿಲ್ ಸೋಸುವ ಸ್ಟ್ರೇನರಿನ ಪ್ಲೇಟು ಹೀಗೆ. ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕುತ್ತವೆ.

ಮೂರನೆಯದು ಎಂಜಿನ್ನಿನ ಉಸಿರು. ಕೇಸಿನ ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಎಲ್ಲಿ ಸಿಕ್ಕರೆ ಅಲ್ಲಿಂದ ಆಯಿಲ್ಲನ್ನು ತಳ್ಳಿಕೊಂಡು ಬರುತ್ತದೆ. ವೇಗವಾಗಿ ಓಡಿಸಿದಾಗ ಮಾತ್ರ ಸೋರಿ, ನಿಧಾನ ಓಡಿಸಿದರೆ ಒಣಗಿರುವ ಎಂಜಿನ್ನು ಹೆಚ್ಚಾಗಿ ಈ ಗುಂಪಿನದು.

ಪೂರ್ತಿ ತಣ್ಣಗಿದ್ದಾಗ ಚಾಲೂ ಮಾಡಿದ ಮೊದಲ ನಿಮಿಷಗಳಲ್ಲಿ ಮಾತ್ರ ಸೋರಿದರೆ ಒತ್ತಡದ ಗುಂಪನ್ನು ನೋಡಿ. ತಣ್ಣನೆ ಆಯಿಲ್ ದಪ್ಪ, ಆಗ ಒತ್ತಡ ಜಾಸ್ತಿ.

ಪೌಡರ್ ಹಾಕಿ ಹುಡುಕುವುದು ನಿಜವಾಗಿ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಒಣಗಿದ, ಶುಭ್ರವಾದ ಲೋಹದ ಮೇಲೆ ಮೈಗೆ ಹಾಕುವ ಟಾಲ್ಕಮ್ ಪೌಡರನ್ನು ತೆಳ್ಳಗೆ ಉದುರಿಸಿ. ಸ್ಪ್ರೇ ಡಬ್ಬಿಯಲ್ಲಿ ಬರುವ ಪಾದದ ಪೌಡರ್ ಇನ್ನೂ ಅನುಕೂಲ. ಎಂಜಿನ್ ಓಡಿಸಿದರೆ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆಯ ಮೇಲಿನ ತುದಿಯೇ ಸೋರಿಕೆಯ ಜಾಗ. ಫ್ಯಾನಿನ ಗಾಳಿ ನೇರ ಬೀಳುವ ಕಡೆ ಪೌಡರ್ ನಿಲ್ಲುವುದಿಲ್ಲ, ಫ್ಯಾನಿನ ಬಾಯಿಯ ಹತ್ತಿರ ಹಾಕಲೂ ಬಾರದು. ಎಂಜಿನ್ನಿನ ತಳಕ್ಕೆ, ಕೇಸಿನ ಬದಿಗಳಿಗೆ ಇದು ಒಳ್ಳೆಯದು.

ಆಯಿಲ್ಲಿಗೆ ಬೆರೆಸುವ ಹೊಳೆಯುವ ಬಣ್ಣವೂ ಸಿಗುತ್ತದೆ. ನೇರಳಾತೀತ ಲೈಟು ಹಿಡಿದರೆ ಸೋರಿದ ಜಾಗ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ತಗಡಿನ ಹಾಳೆಗಳ ಹಿಂದೆ ಮರೆಯಾದ ಸೋರಿಕೆಗೆ ಇದು ಚೆನ್ನಾಗಿ ನಡೆಯುತ್ತದೆ. ಕತ್ತಲಾದ ಮೇಲೆ ನೋಡಿ.

ರಾಕರ್ ಕವರ್ ಗ್ಯಾಸ್ಕೆಟ್ ಹೊಸದು ಹಾಕಿದೆ, ಆದರೂ ಸೋರುತ್ತಿದೆ. ಯಾಕೆ?

ಮೊದಲು ಕವರನ್ನೇ ನೋಡಿ. ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದ ಕವರ್‌ಗಳ ಅಂಚು ಬಾಗಿರುತ್ತದೆ. ಗಾಜಿನ ಮೇಲೆ ಕವುಚಿ ಇಟ್ಟರೆ ಗೊತ್ತಾಗುತ್ತದೆ. ಹಳೇ ಗ್ಯಾಸ್ಕೆಟ್ಟಿನ ಚೂರು ಅಂಚಿನಲ್ಲಿ ಉಳಿದಿದ್ದರೂ ಸೋರುತ್ತದೆ. ಕವರ್ ಹಿಡಿದಿರುವ ತಂತಿಯ ಕ್ಲಿಪ್ಪು ಸಡಿಲವಾಗಿರಬಹುದು, ಕೈಯಲ್ಲೇ ಸುಲಭವಾಗಿ ಸರಿದರೆ ಅದರ ಬಿಗಿ ಹೋಗಿದೆ.

ಕಾರ್ಕ್ ಗ್ಯಾಸ್ಕೆಟ್ಟನ್ನು ಕವರಿನ ಕಡೆ ಅಂಟಿಸಿ, ಹೆಡ್ಡಿನ (ಸಿಲಿಂಡರ್‌ಗಳ ತುದಿ ಮುಚ್ಚುವ, ವಾಲ್ವ್‌ಗಳಿರುವ ಭಾಗ) ಕಡೆಗೆ ತೆಳ್ಳಗೆ ಗ್ರೀಸ್ ಸವರಿ. ಎರಡೂ ಕಡೆ ಅಂಟು ಹಾಕಿದರೆ ಮುಂದಿನ ಸಲ ವಾಲ್ವ್ ಹೊಂದಿಸುವಾಗ ಹರಿದು ಬರುತ್ತದೆ. ವಾಲ್ವ್ ಹೊಂದಿಸಿದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕುವುದು ಒಳ್ಳೆಯ ರೂಢಿ.

ಪುಶ್‌ರಾಡ್ ಟ್ಯೂಬ್ ಸೋರುತ್ತಿದೆ ಅಂತ ಖಚಿತವಾದರೆ?

ಕಾರಿನ ಕೆಳಗೆ ಮಲಗಿ ನೋಡಿದರೆ ಎರಡೂ ಬದಿ ನಾಲ್ಕು ನಾಲ್ಕು ಕೊಳವೆ ಕಾಣುತ್ತವೆ. ತುದಿಗಳಲ್ಲಿ ಸುರುಳಿ ಮಡಿಕೆ ಇರುತ್ತದೆ. ಎಂಜಿನ್ ಬಿಸಿಯಾಗಿ ಹಿಗ್ಗಿದಾಗ ಆ ಮಡಿಕೆ ಹಿಗ್ಗಿ ಸೀಲನ್ನು ಒತ್ತಿ ಹಿಡಿಯಬೇಕು. ವರ್ಷಗಟ್ಟಲೆ ಒತ್ತಡದಲ್ಲಿದ್ದ ಮಡಿಕೆಗೆ ಆ ಸ್ಪ್ರಿಂಗ್ ಗುಣ ಹೋಗುತ್ತದೆ. ಸೀಲಿನ ರಬ್ಬರೂ ಗಟ್ಟಿಯಾಗಿ ಬಿರಿಯುತ್ತದೆ. ಕೊಳವೆಗೇ ತುಕ್ಕು ಹಿಡಿದು ಸಣ್ಣ ತೂತು ಬಿದ್ದಿರುವುದೂ ಉಂಟು.

ಮೂಲ ಥರದ ಟ್ಯೂಬ್ ಹಾಕಬೇಕಾದರೆ ಹೆಡ್ ಬಿಚ್ಚಲೇಬೇಕು. ಹಾಕುವ ಮೊದಲು ಮಡಿಕೆಗಳನ್ನು ಮೆಲ್ಲಗೆ ಎಳೆದು ಉದ್ದ ಮಾಡಬೇಕು. 1300ರಿಂದ 1600 ಸಿ.ಸಿ. ಎಂಜಿನ್‌ಗಳಿಗೆ ಅಂಚಿನಿಂದ ಅಂಚಿಗೆ 190ರಿಂದ 191 ಮಿ.ಮೀ. ಇರಬೇಕು. ಎಂಟೂ ಒಂದೇ ಅಳತೆಗೆ ಬರಲಿ. ಕೊಳವೆಯ ಬೆಸುಗೆಯ ಗೆರೆ ಮೇಲ್ಮುಖವಾಗಿರಬೇಕು. ಅದು ಬಿರಿದರೂ ಆಯಿಲ್ ತಳದಲ್ಲಿ ಹರಿಯುವುದರಿಂದ ಹೊರಬರುವುದು ಕಡಿಮೆ.

ಹೆಡ್ ತೆಗೆಯದೇ ಹಾಕಬಹುದಾದ ಎರಡು ತುಂಡಿನ, ಸ್ಪ್ರಿಂಗ್ ಇರುವ ಟ್ಯೂಬುಗಳು ಸಿಗುತ್ತವೆ. ಒಂದೋ ಎರಡೋ ಹಾಳಾಗಿದ್ದರೆ ಅವು ಸಾಕು. ಹದಿನಾರು ಸೀಲೂ ಹಳೆಯದಾಗಿದ್ದರೆ ಹೆಡ್ ಬಿಚ್ಚಿ ಸರಿಯಾಗಿ ಮಾಡುವುದೇ ವಾಸಿ ಎನ್ನುತ್ತೇನೆ.

ಆದರೆ ಮುಂದಿನ ಉತ್ತರ ಓದದೆ ಟ್ಯೂಬಿಗೆ ಕೈ ಹಾಕಬೇಡಿ.

ಎಡಗಡೆ ಮಾತ್ರ ಸೋರುತ್ತಿದೆ, ಟ್ಯೂಬುಗಳೆಲ್ಲ ಒದ್ದೆ. ಟ್ಯೂಬ್ ಸೀಲೇ ಅಲ್ಲವೇ?

ಇದೇ ಜನರನ್ನು ಜಾಸ್ತಿ ದಾರಿ ತಪ್ಪಿಸುವ ಸೋರಿಕೆ. ನನ್ನನ್ನೂ ತಪ್ಪಿಸಿತ್ತು. ಎಡಗಡೆಯ ನಾಲ್ಕೂ ಟ್ಯೂಬಿನ ಸೀಲು ಬದಲಿಸಿ, ಎರಡು ದಿನ ಕಳೆದು ಕೆಳಗೆ ನೋಡಿದರೆ ಟ್ಯೂಬುಗಳು ಮತ್ತೆ ಒದ್ದೆ. ಸೋರುತ್ತಿದ್ದದ್ದು ಮೇಲಿನ ಆಯಿಲ್ ಕೂಲರ್.

ಬೀಟಲ್‌ನಲ್ಲಿ ಕೂಲರ್ ಇರುವುದು ಎಡಗಡೆ, ಫ್ಯಾನಿನ ತಗಡಿನ ಕವಚದೊಳಗೆ ನೆಟ್ಟಗೆ ನಿಂತಿರುತ್ತದೆ. 1971ರ ಮಾದರಿಯಿಂದ ಅದನ್ನು ಕವಚದ ಹೊರಗೆ ಪ್ರತ್ಯೇಕ ಗೂಡಿನಲ್ಲಿ ಕೂರಿಸಿದರು. ಕೇಸಿಗೆ ಸೇರುವಲ್ಲಿ ಎರಡು ಸಣ್ಣ ರಬ್ಬರ್ ಸೀಲು. ಪಂಪಿನ ಪೂರ್ತಿ ಒತ್ತಡ ಅವುಗಳ ಮೇಲೆ. ಅಲ್ಲಿ ಜಿನುಗಿದ ಆಯಿಲ್ಲನ್ನು ಫ್ಯಾನಿನ ಗಾಳಿ 3 ಮತ್ತು 4ನೇ ಸಿಲಿಂಡರ್‌ಗಳ ಮೇಲಿನಿಂದ ಕೆಳಗೆ ದೂಡುತ್ತದೆ. ಅದು ನೇರವಾಗಿ ಆ ಬದಿಯ ಪುಶ್‌ರಾಡ್ ಟ್ಯೂಬುಗಳ ಮೇಲೆ ಬೀಳುತ್ತದೆ. ಕೆಳಗಿನಿಂದ ನೋಡುವವರಿಗೆ ಟ್ಯೂಬ್ ಸೋರಿದಂತೆಯೇ ಕಾಣುತ್ತದೆ.

ಬೇರ್ಪಡಿಸುವುದು ಹೀಗೆ. ಟ್ಯೂಬಿನ ಮೇಲ್ಮೈ ಒದ್ದೆಯಾಗಿದ್ದು, ಅದರ ಮೇಲಿರುವ ಸಿಲಿಂಡರ್ ರೆಕ್ಕೆಗಳೂ ಒದ್ದೆಯಾಗಿದ್ದರೆ ಆಯಿಲ್ ಮೇಲಿನಿಂದ ಬಂದಿದೆ. ರೆಕ್ಕೆಗಳು ಒಣಗಿದ್ದು ಟ್ಯೂಬಿನ ತುದಿಯ ಸುತ್ತ ಮಾತ್ರ ಒದ್ದೆ ಇದ್ದರೆ ಟ್ಯೂಬ್ ಸೀಲು. ಓಡುವಾಗ ಜೋರಾಗಿ ಸೋರಿ ಆಫ್ ಮಾಡಿದ ಮೇಲೆ ನಿಂತರೆ ಕೂಲರ್ ಕಡೆ ನೋಡಿ. ರಾತ್ರಿಯಿಡೀ ತೊಟ್ಟಿಕ್ಕಿದರೆ ಟ್ಯೂಬ್ ಕಡೆ ನೋಡಿ.

ಅದೇ ಎಡಗಡೆಯಲ್ಲಿ, ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಆಯಿಲ್ ಪ್ರೆಶರ್ ಸ್ವಿಚ್ಚು ಇದೆ. ಅದು ಒಳಗೆ ಒಡೆದರೆ ವೈರು ಸಿಕ್ಕಿಸುವ ತುದಿಯಿಂದಲೇ ಆಯಿಲ್ ಬರುತ್ತದೆ. ಕೂಲರ್ ಬಿಚ್ಚುವ ಮೊದಲು ಸ್ವಿಚ್ಚಿನ ತುದಿಯನ್ನು ಬಟ್ಟೆಯಿಂದ ಒರೆಸಿ, ಎರಡು ನಿಮಿಷ ಓಡಿಸಿ ಮುಟ್ಟಿ ನೋಡಿ. ಕಾಲು ಗಂಟೆಯ ಕೆಲಸದಲ್ಲಿ ಮುಗಿಯಬಹುದು. ಹೊಸ ಸ್ವಿಚ್ಚನ್ನು ಅತಿಯಾಗಿ ಬಿಗಿಯಬೇಡಿ. ಅದರ ಮರೆ (ತಿರುಪಿನ ಗೀರು) ಮೊನಚಾಗುತ್ತಾ ಹೋಗುವಂಥದ್ದು, ಮೆತ್ತನೆ ಕೇಸ್ ಸೀಳುತ್ತದೆ.

ಕೂಲರ್ ಸೀಲು ಕೊಳ್ಳುವಾಗ ಜಾಗ್ರತೆ. ಕೇಸಿನ ಮತ್ತು ಕೂಲರಿನ ತೂತಿನ ಅಳತೆಗೆ ತಕ್ಕಂತೆ ಬೇರೆ ಬೇರೆ ಸೀಲುಗಳಿವೆ. ಹತ್ತಿರದ ಅಳತೆಯದ್ದು ಹಾಕಿದರೆ ಕೂರುತ್ತದೆ, ಆದರೆ ಮತ್ತೆ ಸೋರುತ್ತದೆ. ಹೊಸ ಸೀಲು ಹಾಕಿದ ಮೇಲೂ ಬೇಗ ಸೋರಿದರೆ ಒತ್ತಡ ಇಳಿಸುವ ವಾಲ್ವ್ ನೋಡಿ. ಅದರ ಪಿಸ್ಟನ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ತಣ್ಣನೆ ಎಂಜಿನ್ ಚಾಲೂ ಮಾಡಿದಾಗ ಪೂರ್ತಿ ಒತ್ತಡ ಕೂಲರಿಗೆ ಬೀಳುತ್ತದೆ. ಕೂಲರೇ ಬಿರಿಯಬಹುದು.

ತಳದ ಪ್ಲೇಟಿನಿಂದ ಸೋರುತ್ತಿದೆ. ಇನ್ನಷ್ಟು ಬಿಗಿ ಮಾಡಲೇ?

ಬೇಡ! ಬೀಟಲ್‌ಗೆ ಕಾಗದದ ಫಿಲ್ಟರ್ ಇಲ್ಲ. ತಳದಲ್ಲಿ ತಂತಿಬಲೆಯ ಸ್ಟ್ರೇನರ್ ಇದೆ, ಅದರ ಪ್ಲೇಟನ್ನು ಆರು ಸಣ್ಣ ನಟ್ಟುಗಳು ಹಿಡಿದಿವೆ. ಅವುಗಳಿಗೆ ಬೇಕಾದ ಬಿಗಿ ಸುಮಾರು 7 ನ್ಯೂಟನ್ ಮೀಟರ್ ಅಷ್ಟೇ. ಸಣ್ಣ ಸ್ಪ್ಯಾನರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು. ಇನ್ನೂ ಬಿಗಿದರೆ ಪ್ಲೇಟು ನಟ್ಟಿನ ಹತ್ತಿರ ಬಾಗಿ ನಡುವೆ ಸಂದು ಬಿಡುತ್ತದೆ, ಸೋರಿಕೆ ಜಾಸ್ತಿಯಾಗುತ್ತದೆ. ಅದರ ಮೇಲೂ ಬಿಗಿದರೆ ಸ್ಟಡ್ (ನಟ್ಟು ಕೂರುವ ತಿರುಪಿನ ಕಡ್ಡಿ) ಕೇಸಿನಿಂದ ಕಿತ್ತು ಬರುತ್ತದೆ.

ಪ್ಲೇಟನ್ನು ಮಟ್ಟ ಮಾಡಿ, ಸ್ಟ್ರೇನರಿನ ಎರಡೂ ಕಡೆ ಹೊಸ ಗ್ಯಾಸ್ಕೆಟ್, ಪ್ರತಿ ನಟ್ಟಿಗೂ ಹೊಸ ತಾಮ್ರದ ವಾಷರ್ ಹಾಕಿ. ವಾಷರ್ ಹಳೆಯದಾದರೆ ಆಯಿಲ್ ಸ್ಟಡ್ಡಿನ ಮರೆಯ ಮೂಲಕವೇ ಇಳಿಯುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ತೊಟ್ಟಿಕ್ಕುತ್ತಿದೆ.

ಎರಡು ಕಡೆಯಿಂದ ಬರಬಹುದು. ಎಂಜಿನ್ನಿನ ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಇರುವಲ್ಲಿನ ಸೀಲಿನಿಂದ, ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲಿನಿಂದ. ಮೂಸಿ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಎಂಜಿನ್ ಇಳಿಸಿದಾಗ ಉಳಿದರ್ಧ ಸಿಗುತ್ತದೆ. ಫ್ಲೈವೀಲಿನ ಎಂಜಿನ್ ಕಡೆಯ ಮುಖ ಒದ್ದೆ ಇದ್ದರೆ ಎಂಜಿನ್ ಸೀಲು. ಕ್ಲಚ್ ಕಡೆ, ಬೇರಿಂಗಿನ ಸುತ್ತ ಒದ್ದೆ ಇದ್ದರೆ ಗೇರ್‌ಬಾಕ್ಸ್. ಎರಡರಲ್ಲೂ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದರೆ ಕ್ಲಚ್ ಜಾರುತ್ತದೆ. ಪ್ಲೇಟು ಆಯಿಲ್ ಕುಡಿದಿದ್ದರೆ ತೊಳೆದು ಹಾಕಬೇಡಿ, ಬದಲಿಸಿ.

ಸೀಲು ಬದಲಿಸಿ ಸುಮ್ಮನಾಗಬೇಡಿ. ಅಲ್ಲಿ ಮೊದಲು ಅಳೆಯಬೇಕಾದದ್ದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಎಂಬುದನ್ನು. 0.07ರಿಂದ 0.13 ಮಿ.ಮೀ. ಒಳಗಿರಬೇಕು. ಜಾಸ್ತಿ ಆಡುತ್ತಿದ್ದರೆ ಹೊಸ ಸೀಲನ್ನೂ ಕೆಲವೇ ದಿನಗಳಲ್ಲಿ ತಿಂದುಹಾಕುತ್ತದೆ. ಸೀಲು ಕೂರುವ ಫ್ಲೈವೀಲಿನ ಕತ್ತಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಸೀಲು ನಿಲ್ಲುವುದಿಲ್ಲ. ಫ್ಲೈವೀಲಿನ ಒಳಗೆ ಓ ರಿಂಗು (ರಬ್ಬರ್ ಬಳೆ) ಇರುವ ಮಾದರಿಯಾದರೆ ಅದನ್ನೂ ಬದಲಿಸಿ. ಸೀಲಿನ ಕೆಳಗೆ ಕ್ಯಾಮ್ ಶಾಫ್ಟಿನ ಪ್ಲಗ್ ಇದೆ, ಅದು ಒಣಗಿದೆಯೇ ನೋಡಿ. 3ನೇ ಸಿಲಿಂಡರಿನ ಪಕ್ಕ, ಫ್ಲೈವೀಲ್ ಕಡೆ ಕೇಸ್ ಬಿರುಕು ಬಿಡುವುದೂ ಈ ಎಂಜಿನ್ನಿನಲ್ಲಿ ಉಂಟು. ಟಾರ್ಚು ಹಾಕಿ ನಿಧಾನವಾಗಿ ನೋಡಿ.

ಬೀಟಲ್ ಎಂಜಿನ್ ಗೇರ್‌ಬಾಕ್ಸಿಗೆ ನಾಲ್ಕೇ ಕಡೆ ಬೋಲ್ಟ್ ಆಗಿದೆ. ಇಳಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಆದರೆ ಒಬ್ಬರೇ ಮಾಡುವ ಕೆಲಸವೂ ಅಲ್ಲ.

ಹಿಂದಿನ ಪುಲ್ಲಿಯ ಸುತ್ತ ಆಯಿಲ್ ಎರಚಿದೆ. ಪುಲ್ಲಿ ಸೀಲು ಎಲ್ಲಿ ಸಿಗುತ್ತದೆ?

ಕಾರ್ಖಾನೆಯ ಎಂಜಿನ್ನಿನಲ್ಲಿ ಅಲ್ಲಿ ರಬ್ಬರ್ ಸೀಲೇ ಇಲ್ಲ. ಪುಲ್ಲಿಯ ಕತ್ತಿನ ಮೇಲೆ ಸ್ಕ್ರೂವಿನಂಥ ಗೀರು ಇದೆ. ತಿರುಗುವಾಗ ಅದು ಆಯಿಲ್ಲನ್ನು ಒಳಕ್ಕೆ ತಿರುಗಿಸಿ ಕಳಿಸುತ್ತದೆ. ಅದರ ಹಿಂದೆ ಆಯಿಲ್ ಎರಚುವ ಒಂದು ತಟ್ಟೆ ಇದೆ. ಇಷ್ಟೇ. ಇಷ್ಟು ಸರಳ ಏರ್ಪಾಡು ದಶಕಗಟ್ಟಲೆ ಚೆನ್ನಾಗಿ ನಡೆದಿದೆ. ಆದರೆ ಕೇಸಿನೊಳಗೆ ಗಾಳಿಯ ಒತ್ತಡ ಏರಿದರೆ ಆ ಗೀರಿಗೆ ತಡೆಯುವ ಶಕ್ತಿ ಇಲ್ಲ. ಆದ್ದರಿಂದ ಪುಲ್ಲಿಯಿಂದ ಆಯಿಲ್ ಬಂದರೆ ಮೊದಲು ಡಿಪ್‌ಸ್ಟಿಕ್, ಆಮೇಲೆ ಬ್ರೀದರ್ (ಕೇಸಿನ ಗಾಳಿ ಹೊರಬಿಡುವ ದಾರಿ) ನೋಡಿ. ಎರಡೂ ಸರಿ ಇದ್ದರೆ ಪುಲ್ಲಿಯ ಕತ್ತು ಸವೆದಿದೆಯೇ, ಒಳಗಿನ ತಟ್ಟೆ ತಿರುಗುಮುರುಗಾಗಿದೆಯೇ ನೋಡಬೇಕು. ತಟ್ಟೆಯ ಗುಳಿಯಾದ ಮುಖ ಪುಲ್ಲಿಯ ಕಡೆಗಿರಬೇಕು.

ಪುಲ್ಲಿಯ ಕೆಳಗೇ ಆಯಿಲ್ ಪಂಪಿನ ಮುಚ್ಚಳ ಇದೆ. ಅದರ ಗ್ಯಾಸ್ಕೆಟ್ ಸೋರಿದಾಗಲೂ ಪುಲ್ಲಿಗೆ ಆಯಿಲ್ ತಾಗಿ ಎರಚುತ್ತದೆ. ಎರಡನ್ನೂ ಬೆರೆಸಿಕೊಳ್ಳಬೇಡಿ.

ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಸೋರುತ್ತದೆ. ಏನು ಮಾಡಲಿ?

ಗ್ಯಾಸ್ಕೆಟ್ ಬದಲಿಸುವುದನ್ನು ನಿಲ್ಲಿಸಿ, ಎಂಜಿನ್ ಹೇಗೆ ಉಸಿರಾಡುತ್ತಿದೆ ನೋಡಿ.

ಪಿಸ್ಟನ್ ರಿಂಗುಗಳ ಪಕ್ಕದಿಂದ ಸ್ವಲ್ಪ ಉರಿದ ಗಾಳಿ ಕೇಸಿನೊಳಗೆ ನುಸುಳುವುದು ಎಲ್ಲ ಎಂಜಿನ್ನಿನಲ್ಲೂ ಇದ್ದದ್ದೇ. ಅದು ಆಯಿಲ್ ಹಾಕುವ ಕೊಳವೆಯ ಬ್ರೀದರ್ ಮೂಲಕ ಹೊರಗೆ ಅಥವಾ ಏರ್ ಫಿಲ್ಟರಿಗೆ ಹೋಗಬೇಕು. ಆ ಪೈಪು ಮಡಚಿದ್ದರೆ, ಕೆಸರು ಕಟ್ಟಿದ್ದರೆ, ತುದಿಯ ರಬ್ಬರ್ ತುಟಿ ಅಂಟಿಕೊಂಡಿದ್ದರೆ ಕೇಸ್ ಬಲೂನಿನಂತೆ ಆಗುತ್ತದೆ. ಆಗ ಅತಿ ದುರ್ಬಲವಾದ ಸೀಲು ಮೊದಲು ಸೋರುತ್ತದೆ. ಅದನ್ನು ಸರಿಮಾಡಿದರೆ ಎರಡನೇ ದುರ್ಬಲವಾದದ್ದು.

ಎಂಜಿನ್ ಬಿಸಿಯಾಗಿ ನಿಧಾನ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ಸಣ್ಣ ಮಿಡಿತ ಗೊತ್ತಾದರೆ ಸರಿ. ಹೊಗೆಯ ಜೊತೆ ಜೋರಾಗಿ ಊದುತ್ತಿದ್ದರೆ ರಿಂಗು ಸವೆದಿವೆ ಎಂಬ ಅನುಮಾನ. ಕಂಪ್ರೆಶನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನ ಒತ್ತಡದ ಅಳತೆ, ಮಾಡಿಸಿ. ನಾಲ್ಕರಲ್ಲಿ ಯಾವುದು ಉಳಿದವಕ್ಕಿಂತ ತೀರಾ ಕಡಿಮೆ ಎಂದು ನೋಡಿ, ಅದೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಳತೆ ಏರಿದರೆ ರಿಂಗು, ಏರದಿದ್ದರೆ ವಾಲ್ವ್. ರಿಂಗು ಸವೆದ ಎಂಜಿನ್ನಿಗೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಅದು ಒಣಗುವುದಿಲ್ಲ.

ಆಯಿಲ್ ಸೋರುತ್ತಿದೆ, ಆದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದೆ. ಇದು ಹೇಗೆ?

ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಹರಿದಿದೆ, ಅಥವಾ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ. ಪೆಟ್ರೋಲ್ ಕೇಸಿನೊಳಗೆ ಇಳಿಯುತ್ತಿದೆ. ತೆಳ್ಳಗಾದ ಆಯಿಲ್ ಎಲ್ಲ ಸಂದಿಯಿಂದಲೂ ಜಾರುತ್ತದೆ, ಬೇರಿಂಗುಗಳನ್ನು ಕಾಯುವುದಿಲ್ಲ. ಈ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಬೇಡಿ. ಕಾರಣ ಸರಿಮಾಡಿ, ಆಯಿಲ್ ಪೂರ್ತಿ ಬದಲಿಸಿ, ಆಮೇಲೆ ಸೋರಿಕೆ ಉಳಿದಿದೆಯೇ ನೋಡಿ. ಎಷ್ಟೋ ಸಲ ಉಳಿದಿರುವುದಿಲ್ಲ.

ಹೀಟರ್ ಹಾಕಿದರೆ ಕಾರಿನೊಳಗೆ ಸುಟ್ಟ ಆಯಿಲ್ ವಾಸನೆ ಬರುತ್ತದೆ.

1963ರ ಮಾದರಿಗೆ ಮುಂಚಿನ ಬೀಟಲ್‌ಗಳಲ್ಲಿ ಸಿಲಿಂಡರುಗಳನ್ನು ಸವರಿ ಬಂದ ಗಾಳಿಯೇ ಕ್ಯಾಬಿನ್ನಿಗೆ ಹೋಗುತ್ತಿತ್ತು. ಎಂಜಿನ್ ಜಿಡ್ಡಾಗಿದ್ದರೆ ವಾಸನೆ ಬಂದೇ ಬರುತ್ತದೆ. ಆಮೇಲಿನವುಗಳಲ್ಲಿ ಫ್ಯಾನಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಒಯ್ದು ಎಕ್ಸಾಸ್ಟಿನ ಸುತ್ತ ಬಿಸಿ ಮಾಡಿ ಕಳಿಸುತ್ತಾರೆ. ಅಲ್ಲಿ ವಾಸನೆ ಬಂದರೆ ಫ್ಯಾನು ಹೀರುವ ಗಾಳಿಯೇ ಕೆಟ್ಟಿದೆ. ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿ, ತಗಡುಗಳು ಸರಿಯಾಗಿ ಕೂತಿವೆಯೇ ನೋಡಿ. ಅವು ಇಲ್ಲದಿದ್ದರೆ ಕೆಳಗಿನ ಹೊಗೆ, ಶಾಖ ಎರಡೂ ಮೇಲೆ ಬರುತ್ತವೆ.

ಸುಟ್ಟ ಆಯಿಲ್ ವಾಸನೆಯ ಜೊತೆ ಎಕ್ಸಾಸ್ಟಿನ ಹೊಗೆಯೂ ಬರುತ್ತಿರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಕಾರಣ ಸಿಗುವವರೆಗೆ ಹೀಟರ್ ಮುಚ್ಚಿ, ಕಿಟಕಿ ತೆರೆದು ಓಡಿಸಿ.

ದಪ್ಪ ಆಯಿಲ್, ಸೋರಿಕೆ ನಿಲ್ಲಿಸುವ ಔಷಧಿ, ಸಿಲಿಕೋನ್ ಅಂಟು ಇವು ನಡೆಯುತ್ತವೆಯೇ?

ದಪ್ಪ ಆಯಿಲ್ ಹಾಕಿದರೆ ಹನಿ ಕಡಿಮೆಯಾದಂತೆ ಕಾಣುತ್ತದೆ. ಆದರೆ ತಣ್ಣಗಿದ್ದಾಗ ಒತ್ತಡ ಏರಿ ಕೂಲರಿಗೆ ಅಪಾಯ. ಡಬ್ಬಿಯ ಔಷಧಿಗಳು ರಬ್ಬರನ್ನು ಉಬ್ಬಿಸುತ್ತವೆ. ಬಿರಿದ ಸೀಲು, ಹರಿದ ಕಾಗದದ ಗ್ಯಾಸ್ಕೆಟ್ಟಿಗೆ ಅವು ಏನೂ ಮಾಡಲಾರವು.

ಸಿಲಿಕೋನ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕೇಸಿನ ಹೋಳುಗಳ ನಡುವೆ ಅದು ಬೇಡ. ಹೊರಗೆ ಕಾಣುವಷ್ಟೇ ಅಂಟು ಒಳಗೂ ಉಬ್ಬಿರುತ್ತದೆ. ಅದು ಕಿತ್ತು ಸ್ಟ್ರೇನರಿಗೆ ಹೋದರೆ ಆಯಿಲ್ ದಾರಿ ಕಟ್ಟುತ್ತದೆ. ಗಟ್ಟಿಯಾಗದ ಸೀಲಿಂಗ್ ದ್ರವವನ್ನು ತೆಳ್ಳಗೆ ಸವರಿದರೆ ಸಾಕು. ಹೊರಗಿನಿಂದ ಸಿಲಿಕೋನ್ ಮೆತ್ತಿದರಂತೂ ಮುಂದೆ ಹುಡುಕುವವರಿಗೆ ಸೋರಿಕೆಯ ಜಾಗವೇ ಮುಚ್ಚಿಹೋಗುತ್ತದೆ.

ಬೇರೆ ಏರ್‌ಕೂಲ್ಡ್ ಕಾರುಗಳಿಗೂ ಇದೇ ಕ್ರಮವೇ?

ತೊಳೆಯುವುದು, ಮೇಲಿನ ಒದ್ದೆ ಹುಡುಕುವುದು ಎಲ್ಲಕ್ಕೂ ಒಂದೇ. ಜಾಗಗಳು ಬೇರೆ.

ಪೋರ್ಷೆ 911, 1998ರವರೆಗೆ ಏರ್‌ಕೂಲ್ಡ್ ಆಗಿತ್ತು. ಅದರ ಆಯಿಲ್ ಪ್ರತ್ಯೇಕ ಟ್ಯಾಂಕಿನಲ್ಲಿ ಇರುತ್ತದೆ. ಮಟ್ಟ ನೋಡುವುದು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಸಮತಟ್ಟಿನಲ್ಲಿ. ತಣ್ಣಗಿದ್ದಾಗ ನೋಡಿ ಆಯಿಲ್ ತುಂಬಿಸಿದವರು ಜಾಸ್ತಿ ತುಂಬಿಸಿಬಿಡುತ್ತಾರೆ. ವಾಲ್ವ್ ಕವರ್, ಆಯಿಲ್ ಹಿಂದಿರುಗುವ ಟ್ಯೂಬುಗಳು, ಎಂಜಿನ್ ಮೇಲಿನ ಥರ್ಮೋಸ್ಟಾಟ್, ಪ್ರೆಶರ್ ಸ್ವಿಚ್ಚು, ಬ್ರೀದರ್ ಗ್ಯಾಸ್ಕೆಟ್ ಇವನ್ನು ನೋಡಿ.

ಸಿಟ್ರೋಎನ್ 2ಸಿವಿಯಲ್ಲಿ ಬ್ರೀದರ್ ವಾಲ್ವ್ ಕೇಸಿನೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಡುತ್ತದೆ. ಅದು ಕೆಟ್ಟರೆ ಒಳ್ಳೆಯ ಸೀಲುಗಳೂ ಸೋರುತ್ತವೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡಿ. ಷೆವರ್ಲೆ ಕೊರ್ವೇರ್‌ನ ಮೂಲ ಪುಶ್‌ರಾಡ್ ಟ್ಯೂಬ್ ಓ ರಿಂಗುಗಳು ಶಾಖಕ್ಕೆ ಗಟ್ಟಿಯಾಗಿ ಸೋರುತ್ತಿದ್ದವು. ವೈಟಾನ್ ರಬ್ಬರಿನ ರಿಂಗು ಹಾಕಿದರೆ ಆ ಕಾಟ ತಪ್ಪುತ್ತದೆ.

ಬಹಳ ದಿನ ನಿಲ್ಲಿಸಿಟ್ಟ ಕಾರು ತೆಗೆದ ಕೂಡಲೇ ಸೋರುತ್ತಿದೆ.

ಒಣಗಿದ ಸೀಲುಗಳಿಗೆ ಆಯಿಲ್ ಮುಟ್ಟಲು ಸ್ವಲ್ಪ ಸಮಯ ಕೊಡಿ. ಹೊಸ ಆಯಿಲ್ ಹಾಕಿ, ಹತ್ತಿರದಲ್ಲೇ ನಾಲ್ಕಾರು ಸಲ ಬಿಸಿಯಾಗುವಷ್ಟು ಓಡಿಸಿ. ಸಣ್ಣ ಜಿನುಗುಗಳು ತಾವಾಗಿ ಕಡಿಮೆಯಾಗಬಹುದು. ಹನಿ ಹೆಚ್ಚುತ್ತಾ ಹೋದರೆ ಕಾಯಬೇಡಿ.

ಬೆಂಕಿಯ ಭಯ ಎಷ್ಟು?

ಎಂಜಿನ್ ಆಯಿಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದರೆ ಹೊತ್ತಿಕೊಳ್ಳಬಹುದು, ಜಿಡ್ಡು ಹಿಡಿದ ಎಂಜಿನ್ನಿನಲ್ಲಿ ಬೆಂಕಿ ಬೇಗ ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕ ಕೈಗೆ ಸಿಗುವಲ್ಲಿ ಇರಲಿ, ಸೀಟಿನ ಹತ್ತಿರ. ಮೆಗ್ನೀಸಿಯಮ್ ಕೇಸ್ ಹೊತ್ತಿಕೊಂಡರೆ ನೀರು ಹಾಕಬಾರದು, ಉರಿ ಇನ್ನೂ ಜೋರಾಗುತ್ತದೆ. ಅಲ್ಲಿಯವರೆಗೆ ಹೋದರೆ ಕಾರು ಬಿಟ್ಟು ದೂರ ನಿಲ್ಲಿ.

ಹೇಗೂ ಎಂಜಿನ್ ಇಳಿಸುತ್ತಿದ್ದೇನೆ. ಜೊತೆಗೆ ಏನೇನು ಬದಲಿಸಲಿ?

ಫ್ಲೈವೀಲ್ ಸೀಲು ಮತ್ತು ಅದರ ಓ ರಿಂಗು, ಕೂಲರ್ ಸೀಲುಗಳು, ಡಿಸ್ಟ್ರಿಬ್ಯೂಟರ್ ಬುಡದ ಓ ರಿಂಗು, ಪೆಟ್ರೋಲ್ ಪಂಪಿನ ಬುಡದ ಗ್ಯಾಸ್ಕೆಟ್, ಡೈನಮೋ ಸ್ಟ್ಯಾಂಡಿನ ಗ್ಯಾಸ್ಕೆಟ್, ಪ್ರೆಶರ್ ಸ್ವಿಚ್ಚು. ಗೇರ್‌ಬಾಕ್ಸಿನ ಇನ್‌ಪುಟ್ ಸೀಲು ಕಣ್ಣೆದುರೇ ಇರುತ್ತದೆ, ಅದನ್ನೂ ಹಾಕಿ. ಪೆಟ್ರೋಲ್ ಪೈಪುಗಳನ್ನು ತಪ್ಪದೆ ಬದಲಿಸಿ. ಕೂಲರಿನ ಸಂದಿ, ಸಿಲಿಂಡರ್ ರೆಕ್ಕೆಗಳನ್ನು ಪೂರ್ತಿ ಕೆದಕಿ ತೊಳೆಯಿರಿ, ಇಂಥ ಅವಕಾಶ ಮತ್ತೆ ಬೇಗ ಸಿಗುವುದಿಲ್ಲ.

ಆದರೆ ಇಳಿಸುವ ಹಿಂದಿನ ದಿನ ಒಮ್ಮೆ ಓಡಿಸಿ, ಒದ್ದೆ ಜಾಗಗಳ ಫೋಟೋ ತೆಗೆದಿಡಿ. ಎಂಜಿನ್ ಬೆಂಚಿನ ಮೇಲೆ ಬಂದ ಮೇಲೆ ಯಾವುದು ಸೋರುತ್ತಿತ್ತು ಎಂದು ಗೊತ್ತಾಗುವುದು ಆ ಫೋಟೋಗಳಿಂದಲೇ.